ಸಹಿ ಹಾಕಿದ ಮೇಲೆ ಔಷಧ ಪ್ರಯೋಗದಿಂದ ಹಿಂದೆ ಸರಿಯಬಹುದೇ?

ಪ್ರಶ್ನೆ:
ನನ್ನ ತಾಯಿಯವರಿಗೆ ಹಲವು ವರ್ಷಗಳಿಂದ ಚಿಕಿತ್ಸೆ ನೀಡುತ್ತಿರುವ ವೈದ್ಯರೇ ಹೊಸ ಔಷಧವೊಂದರ ಪ್ರಯೋಗಕ್ಕೆ ಸೇರುವಂತೆ ಕೇಳಿದರು. ಅಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಆದರೆ ಬೇಡವೆಂದರೆ ಡಾಕ್ಟರು ಬೇಸರ ಮಾಡಿಕೊಂಡಾರು ಎಂಬ ಅಳುಕಿನಿಂದ ಹಾಗೆ ಮಾಡಿದೆ ಎಂದು ಮನೆಗೆ ಬಂದ ಮೇಲೆ ಹೇಳಿದರು. ಇದನ್ನು ಒಪ್ಪಿಗೆ ಎನ್ನಬಹುದೇ? ಈಗ ಹಿಂದೆ ಸರಿದರೆ ಅವರ ಮಾಮೂಲಿ ಚಿಕಿತ್ಸೆಗೆ ತೊಂದರೆಯಾಗುತ್ತದೆಯೇ?

ಉತ್ತರ 1:
ತೊಂದರೆಯಾಗಕೂಡದು. ವಿಶ್ವ ವೈದ್ಯಕೀಯ ಸಂಘವು 1964ರಲ್ಲಿ ಅಂಗೀಕರಿಸಿದ, ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ನೀತಿ ಸೂತ್ರಗಳನ್ನು ಹೇಳುವ ಹೆಲ್ಸಿಂಕಿ ಘೋಷಣೆಯ ಇಂದಿನ ರೂಪದ ಪ್ರಕಾರ, ಭಾಗವಹಿಸಿದವರು ಯಾವಾಗ ಬೇಕಾದರೂ ಒಪ್ಪಿಗೆಯನ್ನು ಹಿಂಪಡೆಯಬಹುದು. ಅದರಿಂದ ವೈದ್ಯರೊಂದಿಗಿನ ಸಂಬಂಧ ಕೆಡಬಾರದು. ನಿಮ್ಮ ತಾಯಿಯವರ ಅಳುಕನ್ನೂ ಅದು ಮೊದಲೇ ಊಹಿಸಿದಂತಿದೆ: ರೋಗಿಯು ಆ ವೈದ್ಯರನ್ನೇ ನಂಬಿಕೊಂಡಿರುವಾಗ, ಒಪ್ಪಿಗೆಯನ್ನು ಆ ಸಂಬಂಧಕ್ಕೆ ಹೊರತಾದ, ಅರ್ಹರಾದ ಬೇರೊಬ್ಬರು ಕೇಳಬೇಕು ಎನ್ನುತ್ತದೆ.

ಉತ್ತರ 2:
ನಿಯಮ ಸರಿಯೇ, ಆದರೆ ನಿಯಮವಿದ್ದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಅಮೆರಿಕದ ಟಸ್ಕೀಗೀಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ 399 ಕಪ್ಪು ಪುರುಷರಿಗೆ, ಚಿಕಿತ್ಸೆ ನಡೆಯುತ್ತಿದೆ ಎಂದು ನಂಬಿಸಿ, ಅದನ್ನು ಗುಣಪಡಿಸುವ ಪೆನಿಸಿಲಿನ್ ಬಳಕೆಗೆ ಬಂದ ಮೇಲೂ ಅದನ್ನು ಕೊಡದೆ ಸರ್ಕಾರಿ ವೈದ್ಯರು ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತಾ ಕುಳಿತರು. ಸ್ವಇಚ್ಛೆಯ ಒಪ್ಪಿಗೆ ಇಲ್ಲದೆ ಮನುಷ್ಯರ ಮೇಲೆ ಪ್ರಯೋಗ ಸಲ್ಲದು ಎಂದು ಅದೇ ದೇಶದ ನ್ಯಾಯಾಧೀಶರು 1947ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ, ನಾಜಿ ವೈದ್ಯರ ವಿಚಾರಣೆಯಲ್ಲಿ ತೀರ್ಪಿತ್ತಾಗಲೂ ಆ ಅಧ್ಯಯನ ನಿಲ್ಲಲಿಲ್ಲ. (ನ್ಯಾಯ ಹೇಳುವುದು ಯಾವಾಗಲೂ ಪಕ್ಕದ ಮನೆಗೇ ಇರಬೇಕು.)

ಚಿಕಿತ್ಸೆಯಲ್ಲಿ ವೈದ್ಯರು ಈ ಒಬ್ಬ ರೋಗಿಗೆ ಏನು ಒಳ್ಳೆಯದೆಂದು ನೋಡಿ ಔಷಧ ಬರೆಯುತ್ತಾರೆ. ಪ್ರಯೋಗದಲ್ಲಿ ಯಾರಿಗೆ ಹೊಸ ಔಷಧ, ಯಾರಿಗೆ ಹಳೆಯದು ಎಂಬುದನ್ನು ಬಹಳ ಸಲ ಚೀಟಿ ಎತ್ತಿದಂತೆ ನಿರ್ಧರಿಸಲಾಗುತ್ತದೆ. ಇದು ತಾಯಿಯವರಿಗೆ ತಿಳಿದಿರದಿದ್ದರೆ ಅಳುಕು ಇರದಿದ್ದರೂ ಅದು ತಿಳಿದು ಕೊಟ್ಟ ಒಪ್ಪಿಗೆಯಲ್ಲ.

ಉತ್ತರ 3:
ಒಂದು ಎಚ್ಚರಿಕೆ: ಹಿಂದೆ ಸರಿಯುವ ಹಕ್ಕಿದೆಯೆಂದು ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ, ಸುರಕ್ಷಿತವಾಗಿ ನಿಲ್ಲಿಸುವ ಕ್ರಮವನ್ನು ಕೇಳಿ. ಈವರೆಗೆ ಸಂಗ್ರಹಿಸಿದ ದತ್ತಾಂಶವನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತಾರೆ. ರಕ್ತದ ಮಾದರಿಗಳ ಗತಿಯೇನೆಂದು ಪ್ರತ್ಯೇಕವಾಗಿ ವಿಚಾರಿಸಿ. ವೈದ್ಯರೆದುರು ಹೇಳಲು ಸಂಕೋಚವಾದರೆ, ಪ್ರಯೋಗಕ್ಕೆ ಸೇರುವವರಿಗೆ ಕೊಡುವ ಮಾಹಿತಿ ಪತ್ರದಲ್ಲಿ, ಪ್ರಯೋಗವನ್ನು ಪರಿಶೀಲಿಸುವ ನೈತಿಕ ಸಮಿತಿಯ ಸಂಪರ್ಕ ವಿವರವಿರುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಅಮ್ಮನನ್ನು ಕೇಳಿದೆ, ಸಹಿ ಹಾಕಿಸಿಕೊಂಡ ಪತ್ರದ ಪ್ರತಿಯನ್ನಾಗಲಿ, ಮಾಹಿತಿ ಪತ್ರವನ್ನಾಗಲಿ ಅವರ ಕೈಗೆ ಕೊಟ್ಟೇ ಇಲ್ಲವಂತೆ. ನಾಳೆ ಮೊದಲು ಅದನ್ನೇ ಕೇಳುತ್ತೇನೆ.