ಈ ವಾರದ ಸಮಸ್ಯೆ: ವೇದವನು ನಂಬಿದವ ದೇವನೊಲ್ಲ

ಗುರುಲಘು:
ಈ ಸಲ ಚೌಪದಿ, ನಾಲ್ಕು ಸಾಲಿನ ಪದ್ಯ. ಐದೈದು ಮಾತ್ರೆಯ (ಉಚ್ಚಾರದ ಅಳತೆ) ನಡೆ. ಎರಡನೇ ಅಕ್ಷರ 'ದ'ಕಾರ, ಅದರ ಹಿಂದೆ ದೀರ್ಘ. ಕೊನೆಯ ಸಾಲು ಇದು, ಮೇಲಿನ ಮೂರನ್ನು ನೀವು ತುಂಬಿ:

ವೇದವನು ನಂಬಿದವ ದೇವನೊಲ್ಲ

ಮೊದಲ ಓದಿಗೆ 'ಇದೇನಪ್ಪ' ಅನ್ನಿಸಬೇಕು, ಪೂರಣ ಆದಮೇಲೆ 'ಹೌದಲ್ವಾ' ಅನ್ನಿಸಬೇಕು. ಒಂದೇ ಷರತ್ತು. 'ಹೀಗೊಂದು ಕನಸು ಬಿತ್ತು' ಅಂತ ಜಾರಿಕೊಳ್ಳಬೇಡಿ. ಹೋದ ಸಲ ನಾಲ್ಕು ಜನ ಕನಸಿನಲ್ಲೇ ಮುಗಿಸಿದ್ದರು.

ಹಳೇಮೇಷ್ಟ್ರು:
ಸ್ವಾಮಿ, ಇದರಲ್ಲಿ 'ಇದೇನಪ್ಪ' ಅನ್ನೋದಕ್ಕೆ ಏನೂ ಇಲ್ಲ. ವೇದದ ಯಜ್ಞಕರ್ಮವೇ ಮುಖ್ಯ ಅನ್ನೋ ಪೂರ್ವಮೀಮಾಂಸಕರ ಮಾತೇ ಇದು.

ಆದಿಯೇ ಇಲ್ಲದಕೆ ಕರ್ತನೇತಕೆ ಹೇಳು
ಓದಿಸಿದ ಗುರುವುಂಟು, ಕಟ್ಟಿದವರಿಲ್ಲ
ವಾದದಲಿ ಭಟ್ಟನಿಂತೆನಲು ಬೆರಗಾಯ್ತೆನಗೆ
ವೇದವನು ನಂಬಿದವ ದೇವನೊಲ್ಲ

ಭಟ್ಟ ಅಂದರೆ ಕುಮಾರಿಲಭಟ್ಟ, 7ನೇ ಶತಮಾನದವರು. ವೇದವನ್ನು ಯಾರೂ ರಚಿಸಿಲ್ಲ, ಗುರುವಿನಿಂದ ಶಿಷ್ಯನಿಗೆ ಬರುತ್ತಲೇ ಇದೆ ಅನ್ನೋದು ಅವರ ವಾದ. ಹೇಳಿದವನೇ ಇಲ್ಲದಿದ್ದರೆ ಸುಳ್ಳು ಹೇಳೋರು ಯಾರು? ಜಗತ್ತನ್ನು ಒಬ್ಬ ಸೃಷ್ಟಿ ಮಾಡಿದ ಅಂದರೂ ಅವರು ಬಿಡಲ್ಲ. ಪ್ರಯೋಜನ ಇಲ್ಲದೆ ಪೆದ್ದನೂ ಕೆಲಸಕ್ಕೆ ಕೈಹಾಕಲ್ಲ, ಅವನಿಗೇನು ಬೇಕಾಗಿತ್ತು ಅಂತ ಕೇಳುತ್ತಾರೆ.

ಗುರುಲಘು:
ಮೇಷ್ಟ್ರೇ, ಎರಡನೇ ಸಾಲಿಗೆ ಶರಣು. ನೈಯಾಯಿಕರದ್ದು, ಅಂದರೆ ತರ್ಕ ನೆಚ್ಚುವ ನ್ಯಾಯದರ್ಶನದವರದ್ದು, ಇದಕ್ಕೆ ಪೂರ್ತಿ ಉಲ್ಟಾ ಅಲ್ವಾ? ದೇವರು ಹೇಳಿದ್ದಕ್ಕೇ ವೇದ ದಿಟ ಅಂತಾರೆ ಅವರು. ಇವರೋ, ಯಾರೂ ಹೇಳದೇ ಇದ್ದದ್ದಕ್ಕೇ ದಿಟ ಅಂತಾರೆ.

ಕಾಫಿಪುಡಿ:
ದರ್ಶನ ಗಿರ್ಶನ ನನಗೆ ಗೊತ್ತಿಲ್ಲ ಸರ್. ನಾನು 'ದೇವನೊಲ್ಲ' ಅನ್ನೋದನ್ನು 'ದೇವನು ಒಲ್ಲ' ಅಂತ ಬಿಡಿಸಿಕೊಂಡೆ. ದೇವ ನಮ್ಮ ಪಕ್ಕದ ಮನೆಯವನು.

ಬೀದಿಬದಿ ಬೋಂಡಕ್ಕೆ ಮೂಗು ಮುರಿಯುವ ನೋಡು
ಹಾದಿಯನ್ನು ಬದಲಿಸುವ ನೀರುಳ್ಳಿ ಘಮಕೆ
ಕಾದೆಣ್ಣೆಯಿಂದೆತ್ತಿ ಕೈಗಿಟ್ಟರೂ, ನಮ್ಮ
ವೇದವನು ನಂಬಿದವ ದೇವನೊಲ್ಲ

ಗುರುಲಘು:
ಹಹ್ಹಾ, ಭೇಷ್! ಆದರೆ ಎರಡನೇ ಸಾಲು ಕುಂಟುತ್ತಿದೆ. ಬೆರಳು ಮಡಚಿ ನೋಡಿ: ಹಾ ಎರಡು, ದಿ ಒಂದು, ಯನ್ ಎರಡು, ನು ಒಂದು. ಆರಾಯಿತು. 'ಹಾದಿಯನು' ಅಂದುಬಿಡಿ, ಐದಕ್ಕೆ ನಿಲ್ಲುತ್ತದೆ.

ಕಾಫಿಪುಡಿ:
ತಿದ್ದಿಕೊಂಡೆ. ಬಸ್ಸಿನಲ್ಲಿ ಟಿಕೆಟ್ ಹಿಂದೆ ಬರೆದದ್ದು, ಕುಲುಕಾಟಕ್ಕೆ ಒಂದು ಮಾತ್ರೆ ಜಾಸ್ತಿ ಬಿದ್ದಿದೆ.

ಯತಿಭಂಗ:
ನಾನು ಮೊದಲು ಜೈನ ಆಚಾರ್ಯ ಜಿನಸೇನರನ್ನು ಹಿಡಿಯೋಣ ಅಂತ ಹೊರಟೆ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದವರು, ಸಂಸ್ಕೃತ ಆದಿಪುರಾಣ ಬರೆದವರು. ಸೃಷ್ಟಿಗೆ ಮುಂಚೆ ಆ ಕರ್ತ ಎಲ್ಲಿದ್ದ ಅಂತ ಅದರಲ್ಲಿ ನೇರವಾಗಿ ಕೇಳುತ್ತಾರೆ. ಆದರೆ ಅವರಿಗೆ ವೇದವೂ ಬೇಡ, ಹಾಗಾಗಿ ನಿಮ್ಮ ಸಾಲಿಗೆ ಒಗ್ಗಲಿಲ್ಲ. ಕೊನೆಗೆ ಒಗ್ಗಿದವರು ರಾಮಾನುಜರು!

ವಾದ ಹೆತ್ತೊಡೆ ವಾದವೇ ಕೊಲುವುದೀಶನನು
ಓದಿನೊಳೆ ಕಂಡವನು ನಿಲುವನಂತೆ
ಆದರದಿ ಮಡಕೆಕುಂಬಾರ ತಂದಿತ್ತರೂ
ವೇದವನು ನಂಬಿದವ ದೇವನೊಲ್ಲ

ಕಾಫಿಪುಡಿ:
ರಾಮಾನುಜರಿಗೆ ದೇವರು ಬೇಡ್ವಾ? ಮೇಲುಕೋಟೆಯಲ್ಲಿ ಇದನ್ನು ಹೇಳಿ ನೋಡಿ!

ಯತಿಭಂಗ:
ದೇವರು ಬೇಕು, ತರ್ಕ ಹೊತ್ತು ತಂದ ದೇವರು ಬೇಡ. ಮಡಕೆಗೆ ಕುಂಬಾರ ಇದ್ದಾನೆ, ಹಾಗೇ ಜಗತ್ತಿಗೂ ಒಬ್ಬ ಇರಬೇಕು ಅನ್ನೋದು ನ್ಯಾಯದ ವಾದ. ಒಬ್ಬನೇ ಅಂತ ಹೇಗೆ ಹೇಳ್ತೀರಿ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿರಬಹುದಲ್ಲ ಅಂತ ರಾಮಾನುಜರು ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದಲ್ಲಿ ಅದನ್ನು ಒಡೆದುಹಾಕುತ್ತಾರೆ. ಬ್ರಹ್ಮನನ್ನು ತಿಳಿಯೋಕೆ ಶಾಸ್ತ್ರವೇ ದಾರಿ ಅಂತಾರೆ. ನಾಸ್ತಿಕ ಕೇಳಬೇಕಾದ ಪ್ರಶ್ನೆಯನ್ನು ಇಷ್ಟು ಚೂಪಾಗಿ ಭಕ್ತರೇ ಕೇಳಿದ್ದು ನನಗೆ ಬಲು ಇಷ್ಟ.

ಹಳೇಮೇಷ್ಟ್ರು:
ನೈಯಾಯಿಕ ಉದಯನಾಚಾರ್ಯರ ಪರ ಯಾರೂ ಇಲ್ವಾ ಇಲ್ಲಿ? 10ನೇ ಶತಮಾನದಲ್ಲಿ ನ್ಯಾಯಕುಸುಮಾಂಜಲಿ ಬರೆದು ಈಶ್ವರನನ್ನು ತರ್ಕದಿಂದಲೇ ನಿಲ್ಲಿಸಿದವರು ಅವರು. ಪುರಿಯ ಗುಡಿಯ ಬಾಗಿಲು ಮುಚ್ಚಿತ್ತಂತೆ. 'ನಿನಗೆ ಐಶ್ವರ್ಯದ ಮದ. ಬೌದ್ಧರು ಎದುರು ಬಂದಾಗ ನಿನ್ನ ಇರವು ನನ್ನ ಕೈಲಿತ್ತು, ಮರೆತೆಯಾ' ಅಂತ ಜಗನ್ನಾಥನನ್ನೇ ಬೈದರಂತೆ. ಕಥೆ ಇರಬಹುದು, ಆದರೆ ಎಂಥ ಸಲುಗೆ! ಪದ್ಯ ಕಟ್ಟೋಕೆ ಕೂತೆ, ಅದೇ ಬೈಗುಳದ ಮುಂದೆ ನನ್ನದು ಸಪ್ಪೆ ಅನ್ನಿಸಿ ಹರಿದುಹಾಕಿದೆ.

ಕಾಫಿಪುಡಿ:
ಮೇಷ್ಟ್ರೇ, ಒಂದು ತರಲೆ. ಈಗಷ್ಟೇ ಹುಡುಕಿ ನೋಡಿದೆ. ನಿಮ್ಮ ಕುಮಾರಿಲಭಟ್ಟರು ತಮ್ಮ ಗ್ರಂಥ ಶ್ಲೋಕವಾರ್ತಿಕದ ಮೊದಲ ಶ್ಲೋಕದಲ್ಲೇ 'ಸೋಮಾರ್ಧಧಾರಿ'ಗೆ ನಮಸ್ಕಾರ ಹಾಕಿದ್ದಾರೆ. ಅರ್ಧಚಂದ್ರ ಹೊತ್ತವನು ಅಂದರೆ ಶಿವ ತಾನೇ? ನಿಮ್ಮ ಪದ್ಯ ಬಿತ್ತಲ್ಲ!

ಹಳೇಮೇಷ್ಟ್ರು:
ಸಿಕ್ಕಿಹಾಕಿಸಿದಿರಿ. ಆದರೆ ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಪಾರ್ಥಸಾರಥಿಮಿಶ್ರರು ಇದಕ್ಕೂ ದಾರಿ ಇಟ್ಟಿದ್ದಾರೆ. ಅಲ್ಲಿ ಸೋಮ ಅಂದರೆ ಚಂದ್ರ ಅಲ್ಲ, ಸೋಮರಸ. 'ಅರ್ಧ' ಅಂದರೆ ಜಾಗ, ರಸ ಹಿಡಿಯುವ ಪಾತ್ರೆ. ಅದನ್ನು ಹೊತ್ತದ್ದು ಯಜ್ಞ. ಹೀಗೆ ನಮಸ್ಕಾರ ಯಜ್ಞಕ್ಕೂ ಸಲ್ಲುತ್ತದೆ.

ಕಾಫಿಪುಡಿ:
ಅಂದರೆ ನಾನು ಬೋಂಡಕ್ಕೆ ಮಾಡಿದ್ದನ್ನೇ ಅವರು ಶಿವನಿಗೆ ಮಾಡಿದ್ದಾರೆ!

ಗುರುಲಘು:
ಮಿಶ್ರರ ಮಾತ್ರೆ ಸರಿಯಾಗಿದೆ, ಅಷ್ಟೇ ವ್ಯತ್ಯಾಸ. ಮುಂದಿನ ವಾರದ ಸಾಲು ಶನಿವಾರ ಸಂಜೆ ಹಾಕ್ತೀನಿ.