ಸಹಾಯ ಬೇಕು: ಕೃಷಿ ಮೇಳಕ್ಕಿಂತ ಮೊದಲೇ ಪೇಟೆಂಟ್ ಅರ್ಜಿ ಹಾಕಬೇಕು

ಎಲ್ಲರಿಗೂ ನಮಸ್ಕಾರ್ರಿ. ನಾನು ರಾಯಚೂರಿನ ಸಂಶೋಧನಾ ವಿದ್ಯಾರ್ಥಿ. ಹತ್ತಿ ಬಿಡಿಸಿದ ಮೇಲೆ ಉಳಿಯುವ ಕಟ್ಟಿಗೆಯನ್ನು ಬೇರುಸಮೇತ ಕೀಳುವ ಸಣ್ಣ ಯಂತ್ರವನ್ನು ಸರ್ಕಾರಿ ಅನುದಾನದಲ್ಲಿ ಮಾಡಿದ್ದೇವೆ. ಮಾನ್ವಿ ಕಡೆಯ ಹೊಲದಲ್ಲೇ ತಿದ್ದಿದ್ದು. ಹಲ್ಲಿನ ಓರೆ ಬದಲಿಸಿ ಎಂದವರು ಅಲ್ಲಿನ ರೈತರೊಬ್ಬರು. ಅವರ ಹೆಸರು ಬಿಟ್ಟುಹೋಗುವುದು ನನಗೆ ಒಪ್ಪಿಗೆಯಿಲ್ಲ.

ಮುಂದಿನ ತಿಂಗಳು ಮೇಳದಲ್ಲಿ ಯಂತ್ರ ಇಡಬೇಕಂತೆ. ಅರ್ಜಿಗೆ ಮೊದಲೇ ಬಹಿರಂಗವಾದರೆ ಪೇಟೆಂಟ್ ಕೈತಪ್ಪಬಹುದು. ಈಗ ತಾತ್ಕಾಲಿಕ ಅರ್ಜಿ (ಯಂತ್ರದ ಮೊದಲ ವಿವರ ಕೊಟ್ಟು ದಿನಾಂಕ ಕಾಯ್ದಿಟ್ಟುಕೊಳ್ಳುವ ಅರ್ಜಿ) ಹಾಕಿದರೆ ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳು ಸಿಗುತ್ತದೆ.

ಚೆನ್ನೈ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿದವರು ಇದ್ದೀರಾ? ಹೊಲದ ಪ್ರಯೋಗ ಬಹಿರಂಗ ಬಳಕೆ ಎನಿಸುತ್ತದೆಯೇ? ಅನುದಾನದ ಮಂಜೂರಾತಿ ಪತ್ರದಲ್ಲಿ ಆವಿಷ್ಕಾರದ ಹಕ್ಕು ಸಂಸ್ಥೆಯದು ಎಂದಿದೆ. ರೈತರನ್ನು ಸಹ ಆವಿಷ್ಕಾರಕರಾಗಿ ಸೇರಿಸುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ತಿಳಿಸ್ರಿ, ದಿನ ಕಡಿಮೆ ಇವೆ.