ಕುಚ್ಚು ಕಟ್ಟಿ ಬಂದ ದುಡ್ಡು ಕ್ಯಾನ್ಸರ್ ಮಕ್ಕಳಿಗೆ ಹೇಗೆ ತಲುಪಬೇಕು? ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಕೈಕೆಲಸ ಬಳಗದಲ್ಲಿ ಈ ವಾರ ಉತ್ತರ ಕೊಡುವವರು ಬೆಂಗಳೂರಿನ ಮಕ್ಕಳ ಕ್ಯಾನ್ಸರ್ ವಾರ್ಡೊಂದರಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಆಗಿರುವ ಮೇಡಂ.

ಪ್ರಶ್ನೆ (ರಾಜಾಜಿನಗರ): ಮೇಡಂ, ನಾವು ಐದಾರು ಜನ ಸೀರೆಗೆ ಕುಚ್ಚು ಕಟ್ಟುತ್ತೇವೆ, ಕ್ರೋಶಾ ಕೀಚೈನ್ ಹೆಣೆಯುತ್ತೇವೆ. ದೀಪಾವಳಿಗೆ ಅಪಾರ್ಟ್‌ಮೆಂಟಿನಲ್ಲಿ ಸ್ಟಾಲ್ ಹಾಕಿ, ಬಂದ ದುಡ್ಡನ್ನು ಕ್ಯಾನ್ಸರ್ ಇರುವ ಮಕ್ಕಳಿಗೆ ಕೊಡೋಣ ಅಂತ ಆಸೆ. ಹೆಚ್ಚೆಂದರೆ ಹದಿನೈದು ಸಾವಿರ ಆಗಬಹುದು. ಲಕ್ಷಗಟ್ಟಲೆ ಖರ್ಚಿನ ಕಾಯಿಲೆಗೆ ಇದು ಯಾವ ಮೂಲೆಗೆ?

ಉತ್ತರ: ಹಾಗೆ ಅಂದುಕೊಳ್ಳಬೇಡಿ ಅಮ್ಮ. ಯಾವ ಖರ್ಚಿಗೆ ಕೊಡುತ್ತೀರಿ ಅನ್ನುವುದು ಮುಖ್ಯ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಎ.ಎಲ್.ಎಲ್. ಅನ್ನುವ ರಕ್ತದ ಕ್ಯಾನ್ಸರ್. ಸರಿಯಾಗಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನ ಮಕ್ಕಳು ಗುಣವಾಗುವ ಕಾಯಿಲೆ ಇದು. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಮಂದಿ ಗುಣವಾಗುತ್ತಾರೆ. ನಮ್ಮಂಥ ಕಡೆ ಅಷ್ಟಾಗದೇ ಇರಲು ಒಂದು ದೊಡ್ಡ ಕಾರಣ, ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದು.

ಎ.ಎಲ್.ಎಲ್. ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ಕೆಲವು ತಿಂಗಳು ಆಸ್ಪತ್ರೆಯ ಓಡಾಟವೇ ಜಾಸ್ತಿ. ಆಮೇಲೆ ಮನೆಯಲ್ಲೇ ಮಾತ್ರೆ, ಆಗಾಗ ಬಂದು ರಕ್ತ ಪರೀಕ್ಷೆ, ಬೆನ್ನಿಗೆ ಇಂಜೆಕ್ಷನ್. ಅಷ್ಟು ಹೊತ್ತಿಗೆ ಮಗುವಿಗೆ ಕೂದಲು ಬಂದಿರುತ್ತದೆ, ಆಟ ಆಡಿಕೊಂಡಿರುತ್ತದೆ. "ಹುಷಾರಾಯ್ತಲ್ಲ, ಮತ್ತೆ ಯಾಕೆ ಸಾಲ ಮಾಡೋದು?" ಅಂತ ಮನೆಯವರು ಬರುವುದನ್ನು ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದರೆ ಕಾಯಿಲೆ ತಿರುಗಿ ಬರುವ ಅಪಾಯ ತುಂಬಾ ಇರುತ್ತದೆ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಹೊಸೂರು ರಸ್ತೆಯಲ್ಲಿ 1973ರಿಂದ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಇದೆ. 2023ರಿಂದ ಶಕ್ತಿ ಯೋಜನೆಯಲ್ಲಿ ತಾಯಂದಿರಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ. ರೈಲಿನಲ್ಲೂ ಕ್ಯಾನ್ಸರ್ ರೋಗಿಗೆ ರಿಯಾಯಿತಿ ಇದೆ. ಇಷ್ಟೆಲ್ಲ ಇದ್ದರೂ ರಾಯಚೂರಿನಿಂದ ಬಂದ ಅಪ್ಪನ ಕೂಲಿ ಹೋಗುತ್ತದೆ. ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ ಆಟೋ ಬೇಕು, ಬಿಳಿ ರಕ್ತಕಣ ಕಡಿಮೆ ಇದ್ದು ಸೋಂಕು ಬೇಗ ತಗಲುವ ಮಗುವನ್ನು ಕಿಕ್ಕಿರಿದ ಬಸ್ಸಿನಲ್ಲಿ ತರುವ ಹಾಗಿಲ್ಲ. ಧರ್ಮಶಾಲೆಯಲ್ಲಿ ಜಾಗ ಇಲ್ಲದಿದ್ದರೆ ರೂಮ್ ಬಾಡಿಗೆ. ಚಿಕಿತ್ಸೆಗೆ ಅಂತ ಸ್ಟಿರಾಯ್ಡ್ ತೆಗೆದುಕೊಳ್ಳುವ ಮಗುವಿಗೆ ವಿಪರೀತ ಹಸಿವು, ಅರ್ಧರಾತ್ರಿ ಎದ್ದು "ಅನ್ನ ಸಾರು ಬೇಕು" ಅಂತ ಅಳುತ್ತದೆ. ಆ ಹೊತ್ತಿನಲ್ಲಿ ಯಾವ ಹೋಟೆಲ್ ತೆಗೆದಿರುತ್ತದೆ? ಅವರಿಗೊಂದು ಸಣ್ಣ ಸ್ಟೌ, ಅಕ್ಕಿ, ಬೇಳೆ, ಮೊಟ್ಟೆ ಬೇಕು. ನಿಮ್ಮ ಹದಿನೈದು ಸಾವಿರ ಬೇಕಾಗಿರುವುದು ಇಲ್ಲಿಗೆ. ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಮೊದಲೇ ಮಾತಾಡಿ, "ಪ್ರಯಾಣ ಮತ್ತು ಊಟದ ಖರ್ಚಿಗೆ" ಅಂತ ಬರೆದೇ ಕೊಡಿ.

ಪ್ರಶ್ನೆ (ಬನಶಂಕರಿ): ದಾರ, ಮಣಿ ಚಿಕ್ಕಪೇಟೆಯಿಂದ ನಮ್ಮ ಕೈಯಿಂದಲೇ ಹಾಕಿ ತರುತ್ತಿದ್ದೇವೆ. ಆ ಖರ್ಚು ಹಿಡಿದುಕೊಂಡರೆ ತಪ್ಪಾಗುತ್ತಾ?

ಉತ್ತರ: ಖಂಡಿತ ಇಲ್ಲ, ಹಿಡಿದುಕೊಳ್ಳಿ. ಇಲ್ಲದಿದ್ದರೆ ಮುಂದಿನ ವರ್ಷ ಸ್ಟಾಲೇ ಇರುವುದಿಲ್ಲ. ಕೊಳ್ಳುವವರಿಗೆ ಮಾತ್ರ ಲೆಕ್ಕ ಕಾಣಬೇಕು. "ಕೀಚೈನ್ ₹150, ಇದರಲ್ಲಿ ₹100 ಮಕ್ಕಳಿಗೆ" ಅಂತ ಬೋರ್ಡಿನಲ್ಲೇ ಬರೆಯಿರಿ. ಲೆಕ್ಕವನ್ನು ಇಬ್ಬರು ಸೇರಿ ಬರೆದಿಡಿ. ದುಡ್ಡು ಕೊಟ್ಟ ರಸೀದಿಯ ಫೋಟೋವನ್ನು ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಹಾಕಿ.

ಪ್ರಶ್ನೆ (ಮಲ್ಲೇಶ್ವರ): ಮಾರುವುದರ ಬದಲು ಉಲ್ಲನ್ ಟೋಪಿ, ಗೊಂಬೆಗಳನ್ನೇ ವಾರ್ಡಿಗೆ ಕೊಡಬಹುದಾ ಅಕ್ಕ?

ಉತ್ತರ: ಟೋಪಿ ಸರಿ, ಉಲ್ಲನ್ ಬೇಡ. ಕೂದಲು ಉದುರಿದ ತಲೆಯ ಚರ್ಮ ತುಂಬಾ ಸೂಕ್ಷ್ಮ, ಉಲ್ಲನ್ ಚುಚ್ಚುತ್ತದೆ, ಕಡಿತ ಬರುತ್ತದೆ. ಮೆತ್ತನೆಯ ಹತ್ತಿ ದಾರದಲ್ಲಿ ಹೆಣೆಯಿರಿ. ಗಂಟು, ಹೊಲಿಗೆ ಒಳಗಡೆ ಚರ್ಮಕ್ಕೆ ತಾಗದಿರಲಿ, ಮಣಿ ಹಾಕಬೇಡಿ. ಒಗೆದು, ಚೆನ್ನಾಗಿ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ ಕೊಡಿ. ಹತ್ತಿ ತುಂಬಿದ ಗೊಂಬೆಯಲ್ಲಿ ಧೂಳು ಕೂರುತ್ತದೆ. ಈ ಮಕ್ಕಳಿಗೆ ಸೋಂಕು ಬೇಗ ತಗಲುವುದರಿಂದ ನಾವು ಸಾಮಾನ್ಯವಾಗಿ ಬೇಡ ಅನ್ನುತ್ತೇವೆ. ಒರೆಸಿ ಇಡಬಹುದಾದ ಆಟಿಕೆಯಾದರೆ ಸಂತೋಷ. ತರುವ ಮುಂಚೆ ವಾರ್ಡಿನ ಸಿಸ್ಟರ್ ಹತ್ತಿರ ಒಂದು ಮಾತು ಕೇಳಿ.

ಪ್ರಶ್ನೆ (ವಿಜಯನಗರ): ಆ ಮಕ್ಕಳ ಕೈಯಲ್ಲೇ ಹಣತೆ ಮಾಡಿಸಿ, ಅವರ ಫೋಟೋ ಹಾಕಿ ಮಾರಿದರೆ ಬೇಗ ಖರ್ಚಾಗುತ್ತದೆ ಅಲ್ವಾ?

ಉತ್ತರ: ಖರ್ಚಾಗುತ್ತದೆ, ಆದರೂ ದಯವಿಟ್ಟು ಬೇಡ. ಬೋಳು ತಲೆಯ ಮಗುವಿನ ಫೋಟೋ ಒಮ್ಮೆ ವಾಟ್ಸಾಪಿನಲ್ಲಿ ಹೋದರೆ ವಾಪಸ್ ಬರುವುದಿಲ್ಲ. ಆ ಮಗು ಗುಣವಾಗಿ ಶಾಲೆಗೆ ಹೋಗಬೇಕು, ಮುಂದೆ ಕೆಲಸಕ್ಕೆ ಸೇರಬೇಕು, ಮದುವೆ ಆಗಬೇಕು. "ಕ್ಯಾನ್ಸರ್ ಬಂದಿತ್ತಂತೆ" ಅನ್ನುವ ಮಾತು ಊರಲ್ಲಿ ಎಷ್ಟು ಕಾಲ ಉಳಿಯುತ್ತದೆ ಅಂತ ನಿಮಗೂ ಗೊತ್ತು. ಜೊತೆಗೆ ಹಸಿ ಮಣ್ಣಿನಲ್ಲಿ ಫಂಗಸ್ ಇರುತ್ತದೆ, ಅದು ಇವರಿಗೆ ಅಪಾಯ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕಡಿಮೆ ಇದ್ದಾಗ ಸೂಜಿ, ಕತ್ತರಿಯೂ ಬೇಡ. ನೀವು ಬಂದು ಅವರ ಜೊತೆ ಕೂತು ಸುಮ್ನೆ ಬಣ್ಣ ಹಚ್ಚಿಸಿ. ಒಂದು ಕೈಗೆ ಕ್ಯಾನುಲಾ (ಔಷಧಿ ಕೊಡುವ ಸಣ್ಣ ನಳಿಕೆ) ಹಾಕಿರುತ್ತಾರೆ, ಮಕ್ಕಳು ಇನ್ನೊಂದು ಕೈಯಲ್ಲೇ ಕಾಗದದ ಹೂವಿಗೆ ಎಸಳು ಅಂಟಿಸಿ, ಅಮ್ಮನ ಕೈಲಿ ಮಂಚಕ್ಕೆ ಕಟ್ಟಿಸುತ್ತಾರೆ. ಅದು ಅವರದ್ದು, ಮಾರಾಟಕ್ಕಲ್ಲ.

ಪ್ರಶ್ನೆ (ಜಯನಗರ): ನಮ್ಮ ಹತ್ತಿರ ಕೊಂಡವರು 80ಜಿ ರಸೀದಿ (ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಪಡೆಯುವ ರಸೀದಿ) ಕೇಳಿದರೆ?

ಉತ್ತರ: ವಸ್ತು ಕೊಂಡರೆ ಅದು ಖರೀದಿ, ದೇಣಿಗೆ ಅಲ್ಲ. ಅವರಿಗೆ ಆ ರಸೀದಿ ಬರುವುದಿಲ್ಲ. ವಿನಾಯಿತಿ ಬೇಕು ಅನ್ನುವವರು 80ಜಿ ಇರುವ ಸಂಸ್ಥೆಗೆ ನೇರವಾಗಿ ದೇಣಿಗೆ ಕೊಡಲಿ. ₹2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ.

ಪ್ರಶ್ನೆ (ಯಲಹಂಕ): ನನಗೆ ಕುಚ್ಚೂ ಬರಲ್ಲ, ಕ್ರೋಶಾನೂ ಬರಲ್ಲ ಮೇಡಂ. ನಾನೇನು ಮಾಡಲಿ?

ಉತ್ತರ: ಸ್ಟಾಲಿನಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂರಿ. ಪ್ಲೇಟ್‌ಲೆಟ್ ಕೊಡಲು ಒಪ್ಪುವವರ ಹೆಸರು, ರಕ್ತದ ಗುಂಪು, ಫೋನ್ ನಂಬರ್ ಬರೆದುಕೊಳ್ಳಿ. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಇಡಲು ಆಗುವುದಿಲ್ಲ. ಹಬ್ಬಕ್ಕೆ ಎಲ್ಲರೂ ಊರಿಗೆ ಹೋದಾಗ ದಾನಿಗಳು ಸಿಗುವುದು ಕಷ್ಟ, ಮಕ್ಕಳಿಗೆ ಮಾತ್ರ ಆ ವಾರವೂ ಬೇಕೇ ಬೇಕು. ಹಬ್ಬಕ್ಕೆ ಬೆಂಗಳೂರಲ್ಲೇ ಇರುವವರ ಹೆಸರಿನ ಮುಂದೆ ಒಂದು ಗುರುತು ಹಾಕಿ, ಪಟ್ಟಿಯನ್ನು ಆಸ್ಪತ್ರೆಯ ಬ್ಲಡ್ ಬ್ಯಾಂಕಿಗೆ ಕೊಡಿ.